ಬೀಗದ ಕೈ ಯಾರ ಸೊಂಟದಲ್ಲಿ?

ನಮ್ಮ ಮನೆಯಲ್ಲಿ ಕಂಪ್ಯೂಟರ್ ಆಟದ ಬಗ್ಗೆ ಜಗಳವಾದರೆ ಅದು ಸಾಧಾರಣವಾಗಿ ಒಂದೇ ಕಾರಣಕ್ಕೆ: "ಆಡಿದ್ದು ಸಾಕು, ಎದ್ದು ಬಂದು ಊಟ ಮಾಡು" ಎಂದು ನಾನು ಕೂಗುವುದಕ್ಕೆ, "ಇನ್ನೈದೇ ನಿಮಿಷ ಅಮ್ಮ" ಎಂದು ಮಗಳು ಗೋಗರೆಯುವುದಕ್ಕೆ. ಅಂಥ ನಾನೇ ಒಂದು ದಿನ ಆಟದ ಪರ ನಿಂತು ಜಗಳ ಕಾದೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಾದೆ. ಈಗಲೂ ಕಾಯುತ್ತಿದ್ದೇನೆ. ಏಕೆಂದು ಹೇಳುತ್ತೇನೆ, ಕೇಳಿ.

ಮಗಳು ಎರಡು ವರ್ಷದಿಂದ ಒಂದು ಆಟದಲ್ಲಿ ಮನೆ ಕಟ್ಟುತ್ತಿದ್ದಳು. ಯಾರ ಮನೆ ಅಂತೀರಿ? ಸಾಗರದ ಹತ್ತಿರದ ನನ್ನ ತವರು ಮನೆ. ಹಂಚಿನ ಮಾಡು, ಉದ್ದದ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ಬಚ್ಚಲು, ಅದರಾಚೆ ತೋಟ. ಅಮ್ಮ ಇದ್ದಾಗಲೇ ಶುರುವಾದ ಕೆಲಸ ಅದು. ಅಮ್ಮ ಪಕ್ಕದಲ್ಲಿ ಕುಳಿತು, ಕನ್ನಡಕ ಏರಿಸಿಕೊಂಡು, "ಕೊಟ್ಟಿಗೆ ಆ ಬದಿಗಲ್ಲ ಕೂಸೇ, ಬಾವಿಯ ಎಡಗಡೆ" ಎಂದು ಹೇಳುವಳು, ಇವಳು ತಿದ್ದುವಳು. ಆಮೇಲೆ ಅಮ್ಮ ಹೋದಳು. ಹಳೆಯ ಮನೆ ಸೋರುತ್ತದೆಂದು ಅಣ್ಣ ಅದನ್ನು ಕೆಡವಿಸಿ ತಾರಸಿ ಮನೆ ಕಟ್ಟಿಸಿದ. ಹಾಗಾಗಿ ಆ ಮನೆ ಉಳಿದದ್ದು ಆಟದಲ್ಲಿ ಮಾತ್ರ. ನಾನೂ ಒಮ್ಮೊಮ್ಮೆ ಮಧ್ಯಾಹ್ನ ಕೆಲಸವೆಲ್ಲ ಮುಗಿಸಿ, "ಸ್ವಲ್ಪ ಜಗಲಿ ತೋರಿಸೇ" ಎಂದು ಕೇಳುತ್ತಿದ್ದೆ.

ಒಂದು ದಿನ ಆಟದ ಕಂಪೆನಿಯಿಂದ ನಾಲ್ಕು ಸಾಲಿನ ಪತ್ರ ಬಂತು. ಇಷ್ಟನೇ ತಾರೀಖಿನಿಂದ ಸರ್ವರ್ ನಿಲ್ಲಿಸುತ್ತೇವೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಧನ್ಯವಾದ. ಅಷ್ಟೇ. ಆ ತಾರೀಖು ಬಂತು, ಮನೆ ಹೋಯಿತು. ದುಡ್ಡು ಕೊಟ್ಟು ಕೊಂಡ ಆಟ. ಕೊಂಡದ್ದು ನಾನೇ, ಒಟಿಪಿ ಬಂದದ್ದು ನನ್ನ ಫೋನಿಗೇ. ಮಗಳು ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಆಟಕ್ಕೋಸ್ಕರ ಅಳುತ್ತಾರೇನೇ ಎಂದು ಗದರುವ ಧೈರ್ಯ ನನಗೂ ಆಗಲಿಲ್ಲ.

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಅಣ್ಣನ ಮಗನಿಗೆ ಫೋನು ಮಾಡಿದೆ. ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟವನು ಅವನೇ. "ಇದು ಯಾವ ಕಂಪೆನಿಯ ಸ್ವತ್ತೂ ಅಲ್ಲ ಅತ್ತೆ, ಎಲ್ಲರದು. ಯಾರು ಬೇಕಾದರೂ ಒಳಗೆ ಏನಿದೆಯೆಂದು ನೋಡಬಹುದು, ತಿದ್ದಬಹುದು, ಹಂಚಬಹುದು" ಎಂದು ಆಗ ಗಂಟೆಗಟ್ಟಲೆ ಹೇಳಿದ್ದ.

"ಎಲ್ಲರದೂ ಅಂದೆಯಲ್ಲೋ, ಮತ್ತೆ ನಮ್ಮ ಮನೆ ಎಲ್ಲಿ ಹೋಯಿತು?" ಎಂದೆ.

"ಲಿನಕ್ಸ್ ಎಲ್ಲರದು ಅತ್ತೆ, ಆಟ ಅವರದು. ಈಗ ವಿಂಡೋಸಿನ ಆಟಗಳೆಲ್ಲ ಲಿನಕ್ಸಿನಲ್ಲಿ ಓಡುತ್ತವೆ, ಅದೇ ದೊಡ್ಡ ಗೆಲುವು" ಎಂದ.

ನನಗೆ ರೇಗಿತು. ಇದು ಎಂಥ ಗೆಲುವು? ಸ್ವಂತ ಮನೆ ಕಟ್ಟಿಸಿ, ಉಗ್ರಾಣದ ಬೀಗದ ಕೈಯನ್ನು ಬೀದಿಯ ಸಾಹುಕಾರನ ಸೊಂಟಕ್ಕೆ ಸಿಕ್ಕಿಸಿ ಬಂದ ಹಾಗಾಯಿತಲ್ಲ!

ಅವನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯ ಕೈಯಲ್ಲಿ. ಅದರಲ್ಲಿ ಕೆಲಸವೆಲ್ಲ ಆಗುತ್ತಿತ್ತು, ದೊಡ್ಡ ಕಂಪೆನಿಗಳ ಆಟ ಮಾತ್ರ ಇರಲಿಲ್ಲ. 1998ರಲ್ಲಿ ಅಮೆರಿಕದ ಲೋಕಿ ಎಂಬ ಕಂಪೆನಿ ಹೆಸರಾಂತ ಆಟಗಳನ್ನು ಲಿನಕ್ಸಿಗೆ ತಂದು ಮಾರಲು ಹೊರಟು, 2002ರ ಹೊತ್ತಿಗೆ ಬಾಗಿಲು ಮುಚ್ಚಿತು. 2013ರಲ್ಲಿ ವಾಲ್ವ್ ಕಂಪೆನಿಯ ಸ್ಟೀಮ್ ಎಂಬ ಆಟದಂಗಡಿ ಲಿನಕ್ಸಿಗೂ ಬಂತು. 2018ರಲ್ಲಿ ಅದೇ ಕಂಪೆನಿ ಪ್ರೋಟಾನ್ ಎಂಬುದನ್ನು ಹೊರತಂದಿತು. ವಿಂಡೋಸಿಗೆಂದು ಮಾಡಿದ ಆಟವನ್ನು ಲಿನಕ್ಸಿನಲ್ಲಿ ಓಡಿಸುವ ದುಭಾಷಿ ಅದು. 2022ರಲ್ಲಿ ಲಿನಕ್ಸಿನ ಮೇಲೇ ನಡೆಯುವ, ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನೂ ಮಾರಾಟಕ್ಕಿಟ್ಟರು. ಹುಡುಗರು ಕುಣಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಒಂದು ಮಾತು ಗಮನಿಸಿ. ಆ ಪ್ರೋಟಾನಿಗೆ ಅಡಿಪಾಯವಾದ ವೈನ್ ಎಂಬ ತಂತ್ರಾಂಶವನ್ನು 1993ರಿಂದ ಜನ ಕೂಡಿ ಕಟ್ಟುತ್ತ ಬಂದಿದ್ದಾರೆ. ಕಂಪೆನಿಯೂ ಅದಕ್ಕೆ ತನ್ನ ಪಾಲು ಸೇರಿಸಿದೆ, ಪ್ರೋಟಾನನ್ನೂ ಮುಕ್ತವಾಗಿಯೇ ಇಟ್ಟಿದೆ, ಅದನ್ನು ಒಪ್ಪಿಕೊಳ್ಳೋಣ. ಅಂದರೆ ಊರವರು ಶ್ರಮದಾನ ಮಾಡಿ ರಸ್ತೆ ಹಾಕಿದ್ದಾರೆ. ರಸ್ತೆ ಎಲ್ಲರದು. ಅದರ ಮೇಲೆ ಓಡುವ ಬಸ್ಸು ಮಾತ್ರ ಒಬ್ಬನದು. ಬೇಡವೆನಿಸಿದ ದಿನ ನಡುದಾರಿಯಲ್ಲಿ ಇಳಿಸಿ ಹೋಗುತ್ತಾನೆ. ರಸ್ತೆ ಚೆನ್ನಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕೆ?

ನಡುದಾರಿಯಲ್ಲಿ ಇಳಿಸಿದ್ದು ನಮ್ಮನ್ನು ಮಾತ್ರವಲ್ಲ. ಯೂಬಿಸಾಫ್ಟ್ ಕಂಪೆನಿ 2014ರಲ್ಲಿ ದಿ ಕ್ರೂ ಎಂಬ ಕಾರು ಓಡಿಸುವ ಆಟ ಮಾರಿತು. ಒಬ್ಬರೇ ಕುಳಿತು ಆಡುವುದಕ್ಕೂ ಕಂಪೆನಿಯ ಸರ್ವರ್ ಬೇಕು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಪೂರ್ತಿ ಬೆಲೆ ಕೊಟ್ಟವರ ಕೈಯಲ್ಲೂ ಏನೂ ಉಳಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಹೆಸರುವಾಸಿ ಆಟ, ಎಪೆಕ್ಸ್ ಲೆಜೆಂಡ್ಸ್, ಲಿನಕ್ಸಿನಲ್ಲಿ ಆಡುವವರಿಗೆಲ್ಲ ಬಾಗಿಲು ಹಾಕಿತು. ಮೋಸದಾಟ ತಡೆಯುವುದಕ್ಕೆ ಎಂಬ ಕಾರಣ ಕೊಟ್ಟರು. ಮೋಸ ಮಾಡಿದವರ ಜೊತೆ ಮಾಡದವರೂ ಹೊರಗೆ! ನಿನ್ನೆಯವರೆಗೆ ಓಡುತ್ತಿದ್ದದ್ದು ಬೆಳಗಾಗುವಷ್ಟರಲ್ಲಿ ಓಡಲಿಲ್ಲ. ಎಲ್ಲವೂ ಲಿನಕ್ಸಿನಲ್ಲಿ ಓಡುತ್ತದೆ ಎಂಬ ಗೆಲುವಿನ ಬೆಲೆ ಇಷ್ಟು.

ಹಾಗಾದರೆ ನಾವು ದುಡ್ಡು ಕೊಟ್ಟು ಕೊಂಡದ್ದೇನು? ಕೊಂಡದ್ದಲ್ಲ, ಬಾಡಿಗೆಗೆ ಹಿಡಿದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಒಂದು ಕಾನೂನು ಮಾಡಿದ್ದಾರೆ. ಇಂಥ ಸರಕನ್ನು ಮಾರುವಾಗ, ಕೊಡುತ್ತಿರುವುದು ಬಳಕೆಯ ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳದೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ. ಯೂರೋಪಿನಲ್ಲಿ, ಮಾರಿದ ಆಟವನ್ನು ಹೀಗೆ ಸಾಯಿಸಬಾರದೆಂಬ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಸೀರೆ ಅಂಗಡಿಯವನು ಆರು ತಿಂಗಳ ಮೇಲೆ ಮನೆಗೆ ಬಂದು, "ಆ ಡಿಸೈನು ನಿಲ್ಲಿಸಿದ್ದೇವೆ, ಸೀರೆ ಕೊಡಿ" ಎಂದರೆ ಪೊರಕೆ ಹಿಡಿಯದೆ ಬಿಡುತ್ತೇವೆಯೆ?

ಮುಕ್ತ ತಂತ್ರಾಂಶ ಎಂದರೇನು ಎಂದು ಕೇಳುವ ಅಕ್ಕತಂಗಿಯರಿಗೆ ನಾನು ರಂಗೋಲಿಯ ಲೆಕ್ಕದಲ್ಲಿ ಹೇಳುತ್ತೇನೆ. 'ಹದಿನೈದು ಚುಕ್ಕಿ, ನಡುವೆ ಚುಕ್ಕಿ, ಒಂದಕ್ಕೆ ನಿಲ್ಲಿಸಿ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ನಮ್ಮ ಹತ್ತಿರ ಇರುತ್ತದಲ್ಲ, ಅದು ಮುಕ್ತ. ಪಕ್ಕದ ಮನೆಯವಳು ನಕಲು ಮಾಡಿಕೊಳ್ಳಬಹುದು, ನಡುವೆ ಒಂದು ಕಮಲ ಹೆಚ್ಚಿಸಬಹುದು, ಮಗಳಿಗೆ ಕಲಿಸಬಹುದು. ಅಂಗಡಿಯಲ್ಲಿ ಸಿಗುವ ಸ್ಟಿಕರ್ ರಂಗೋಲಿ ಇನ್ನೊಂದು ಬಗೆ. ಅಂಟಿಸಬಹುದು, ನೋಡಬಹುದು. ಕಿತ್ತುಹೋದರೆ ಇನ್ನೊಂದು ಕೊಳ್ಳಬೇಕು. ಚುಕ್ಕಿಯ ಲೆಕ್ಕ ಅದು ಹೇಳುವುದಿಲ್ಲ.

ಇಲ್ಲಿ ನಮ್ಮ ಭಾಷೆಗೊಂದು ಶಹಭಾಸ್ ಹೇಳಬೇಕು. ಇಂಗ್ಲಿಷಿನವರಿಗೆ 'ಫ್ರೀ' ಎಂಬ ಒಂದೇ ಪದದಲ್ಲಿ ಪುಕ್ಕಟೆಯೂ ಸ್ವತಂತ್ರವೂ ಅಡಗಿ ಕುಳಿತು ತೊಡಕಾಗಿದೆ. 1983ರಲ್ಲಿ ಈ ಚಳವಳಿಗೆ ಕೈಹಚ್ಚಿದ ರಿಚರ್ಡ್ ಸ್ಟಾಲ್‌ಮನ್ ಆ ಎರಡರ ವ್ಯತ್ಯಾಸ ವಿವರಿಸುತ್ತಲೇ ಬಂದಿದ್ದಾರೆ. ನಮಗೆ ಆ ಕಷ್ಟವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಫೋನಿನಲ್ಲಿ ಪುಕ್ಕಟೆಯಾಗಿ ಬರುವ ಎಷ್ಟೋ ಆಟಗಳು ಮಕ್ಕಳಿಗೆ ಜಾಹೀರಾತು ತೋರಿಸಿ, ರತ್ನ ಬೇಕೆ, ಕತ್ತಿ ಬೇಕೆ ಎಂದು ನಮ್ಮ ಪರ್ಸಿಗೆ ಕೈಹಾಕುತ್ತವೆ. ಅವು ಪುಕ್ಕಟೆ, ಆದರೆ ಮುಕ್ತವಲ್ಲ. ಮುಕ್ತವಾದದ್ದಕ್ಕೆ ಬೆಲೆ ಕೊಡುವುದರಲ್ಲಿ ತಪ್ಪೂ ಇಲ್ಲ.

ಅಣ್ಣನ ಮಗ ಸುಮ್ಮನಿರಲಿಲ್ಲ. "ಅತ್ತೆ, ಮುಕ್ತ ಆಟಗಳನ್ನು ನೋಡಿದ್ದೀರಾ? ಚಿತ್ರ ಪೇಲವ, ಸಂಗೀತ ಸಪ್ಪೆ. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡುವ ಆಟವನ್ನು ಯಾರು ಹಂಚಿ ಕೊಡುತ್ತಾರೆ? ಚಿತ್ರ ಬರೆಯುವವನಿಗೆ ಹೊಟ್ಟೆಯಿಲ್ಲವೆ?" ಎಂದ.

ಇದು ಬಲವಾದ ಮಾತು; ತಳ್ಳಿಹಾಕುವಂಥದ್ದಲ್ಲ. ಕೆಲವು ಮುಕ್ತ ಆಟಗಳು ಸಪ್ಪೆಯೇ ಹೌದು. ಆದರೆ ಬ್ಯಾಟಲ್ ಫಾರ್ ವೆಸ್ನಾತ್ ಎಂಬ ಆಟ 2003ರಲ್ಲಿ ಹುಟ್ಟಿ ಇಪ್ಪತ್ತು ವರ್ಷ ದಾಟಿದರೂ ಬೆಳೆಯುತ್ತಲೇ ಇದೆ. ಸೂಪರ್ ಟಕ್ಸ್ ಕಾರ್ಟನ್ನು ನಮ್ಮ ಮನೆಗೆ ಬರುವ ಮಕ್ಕಳೆಲ್ಲ ಆಡಿ ಗಲಾಟೆ ಎಬ್ಬಿಸುತ್ತಾರೆ. ಚಿತ್ರ ಪೇಲವವೆಂದು ಒಬ್ಬರೂ ದೂರಿಲ್ಲ. ಕಲಾವಿದನಿಗೆ ಕೂಲಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲಿಗೆಯವಳಿಗೆ ಕೂಲಿ ಕೊಡುತ್ತೇವೆ. ಕೂಲಿ ಕೊಟ್ಟ ಮೇಲೆ ರವಿಕೆ ನಮ್ಮದಲ್ಲವೆ? ಎದೆಯಲ್ಲಿ ಬಿಗಿಯಾದರೆ ಬಿಚ್ಚಿ ಹೊಲಿದುಕೊಳ್ಳುವ ಹಕ್ಕು ನಮಗಿಲ್ಲವೆ? ಕೂಲಿಯ ಹೆಸರು ಹೇಳಿ ಬೀಗವನ್ನು ಸಮರ್ಥಿಸುವುದೇ ಇಲ್ಲಿ ನಡೆಯುತ್ತಿರುವ ಮೋಸ.

ಎರಡನ್ನೂ ಹೊಂದಿಸಬಹುದೆಂದು ಒಂದು ಕಂಪೆನಿ ಮಾಡಿಯೇ ತೋರಿಸಿತ್ತು. ಅಮೆರಿಕದ ಇಡ್ ಸಾಫ್ಟ್‌ವೇರ್ 1993ರಲ್ಲಿ ಡೂಮ್ ಎಂಬ ಆಟ ತಂದಿತು. ಗುಂಡು ಹಾರಿಸುವ ಆಟ. ನನಗದು ಹಿಡಿಸದು, ಆ ಮಾತು ಬೇರೆ. ನಾಲ್ಕು ವರ್ಷ ಚೆನ್ನಾಗಿ ದುಡಿದುಕೊಂಡು 1997ರಲ್ಲಿ ಆಟದ ಒಳಗಿನ ಬರಹವನ್ನು ಹೊರಗಿಟ್ಟರು. 1999ರಲ್ಲಿ ಅದನ್ನು ಪೂರ್ತಿ ಮುಕ್ತ ಪರವಾನಗಿಗೆ ತಂದರು. ಚಿತ್ರ, ಸಂಗೀತದ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡರು, ಮಾರುವುದನ್ನು ನಿಲ್ಲಿಸಲಿಲ್ಲ. ಕಂಪೆನಿ ದಿವಾಳಿಯಾಗಲಿಲ್ಲ, ಆಟವೂ ಸಾಯಲಿಲ್ಲ. ಮೂವತ್ತು ವರ್ಷದ ಮೇಲೂ ಲಿನಕ್ಸಿರಲಿ, ಇನ್ನೇನೇ ಇರಲಿ, ಎಲ್ಲದರ ಮೇಲೂ ಜನ ಅದನ್ನು ಓಡಿಸುತ್ತಿದ್ದಾರೆ.

ಉಲ್ಟಾ ನಡೆದದ್ದೂ ಉಂಟು. 2000ದಲ್ಲಿ ಟಕ್ಸ್ ರೇಸರ್ ಎಂಬ ಮುದ್ದಾದ ಆಟ ಮುಕ್ತವಾಗಿ ಬಂತು. ಹಿಮದ ಇಳಿಜಾರಿನಲ್ಲಿ ಒಂದು ಪೆಂಗ್ವಿನ್ ಜಾರಿಕೊಂಡು ಹೋಗುತ್ತದೆ. 2002ರಲ್ಲಿ ಮಾಡಿದವರೇ ಅದರ ಹೊಸ ಆವೃತ್ತಿಗೆ ಬೀಗ ಹಾಕಿ ಮಾರಾಟಕ್ಕಿಳಿದರು. ಆಗೇನಾಯಿತು? ಹಳೆಯ ಮುಕ್ತ ಪ್ರತಿ ಜನರ ಕೈಯಲ್ಲಿತ್ತಲ್ಲ, ಬೇರೆಯವರು ಅದನ್ನೇ ಎತ್ತಿಕೊಂಡು ಬೆಳೆಸಿದರು. ಈಗಲೂ ಎಕ್ಸ್‌ಟ್ರೀಮ್ ಟಕ್ಸ್ ರೇಸರ್ ಎಂಬ ಹೆಸರಿನಲ್ಲಿ ಆ ಪೆಂಗ್ವಿನ್ ಜಾರುತ್ತಲೇ ಇದೆ. ಒಮ್ಮೆ ಎಲ್ಲರದ್ದಾದುದನ್ನು ಮತ್ತೆ ಕಿತ್ತುಕೊಳ್ಳುವುದು ಸುಲಭವಲ್ಲ. ನನಗೆ ಬೇಕಾದದ್ದು ಆ ಭರವಸೆ.

ಇದೆಲ್ಲ ಗಂಡುಹುಡುಗರ ವಿಷಯ, ನಮಗೇಕೆ ಎನ್ನುವವರಿದ್ದಾರೆ. ಹಾಗೆನ್ನುವವರು ತಮ್ಮ ಅಜ್ಜಿಯನ್ನು ನೆನೆಸಿಕೊಳ್ಳಲಿ. ಚೌಕಾಬಾರ, ಅಳಗುಳಿಮಣೆ, ಪಗಡೆ ನಮಗೆ ಯಾರಿಂದ ಬಂದವು? ಸೀಮೆಸುಣ್ಣದಲ್ಲಿ ನಾಲ್ಕು ಗೆರೆ, ಹುಣಿಸೆಬೀಜ, ಕವಡೆ, ಇದ್ದರೆ ಆಟ. ಊರಿಗೊಂದು ನಿಯಮ, ಮನೆಗೊಂದು ತಿದ್ದುಪಡಿ. ಗಂಡನ ಮನೆಗೆ ಬಂದ ಸೊಸೆ ತವರಿನ ಆಟವನ್ನು ತನ್ನ ಜೊತೆಗೇ ತಂದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಟವನ್ನು ಕೈಯಿಂದ ಕೈಗೆ ದಾಟಿಸಿದವರು ನಾವು. ಬೀಗದ ಕೈ ಎಂದರೇನೆಂಬುದೂ ನಮಗೆ ಚೆನ್ನಾಗಿ ಗೊತ್ತು. ಹಾಲು, ತುಪ್ಪ, ಬೆಲ್ಲ ಎಲ್ಲ ಕಣ್ಣೆದುರಿಗೇ ಇದ್ದು, ಗೊಂಚಲು ಅತ್ತೆಯ ಸೊಂಟದಲ್ಲಿದ್ದರೆ ಆ ಮನೆ ಸೊಸೆಯದಾಗುವುದಿಲ್ಲ. ನಮ್ಮ ಮಕ್ಕಳನ್ನು ನಾವೇ ಅಂಥ ಮನೆಗೆ ದುಡ್ಡು ಕೊಟ್ಟು ಕಳಿಸುತ್ತಿದ್ದೇವೆ.

ದೊಡ್ಡ ಕಂಪೆನಿಯ ಆಟವನ್ನೇ ಮುಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಅಷ್ಟು ಮಡಿ ನನ್ನಿಂದಾಗದು. ಕೇಳುವುದು ಮೂರು ಮಾತು. ಬಾಡಿಗೆಗೆ ಕೊಡುವುದಾದರೆ ಬಾಡಿಗೆ ಎಂದು ದಪ್ಪಕ್ಷರದಲ್ಲಿ ಬರೆಯಲಿ. ನಮ್ಮ ದೇಶದಲ್ಲೂ ಅಂಥ ನಿಯಮ ಬರಲಿ. ಅಂಗಡಿ ಮುಚ್ಚುವ ದಿನ, ಆಟ ಮುಂದುವರಿಸುವ ಸಲಕರಣೆಯನ್ನು ಆಡುವವರ ಕೈಗೆ ಕೊಟ್ಟು ಹೋಗಲಿ. ಇಡ್ ಸಾಫ್ಟ್‌ವೇರಿಗೆ ವ್ಯಾಪಾರ ನಡೆಯುತ್ತಿದ್ದಾಗಲೇ ಸಾಧ್ಯವಾದದ್ದು ಇವರಿಗೆ ಬಾಗಿಲು ಹಾಕುವಾಗಲೂ ಏಕಾಗದು? ಇನ್ನು, ಸರಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಮುಕ್ತವಾದದ್ದನ್ನೇ ಕೊಡಲಿ. ಪಕ್ಕದ ಕೇರಳದ ಸರಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ. ಜೀಕಾಂಪ್ರಿಯಂಥ ಚಿಕ್ಕ ಮಕ್ಕಳ ಆಟಗಳ ಗಂಟೇ ಇದೆ; ಎಣಿಕೆ, ಅಕ್ಷರ, ಬಣ್ಣ ಎಲ್ಲ ಅದರಲ್ಲಿವೆ. ನಮ್ಮ ಪಾಲಿನ ಕೆಲಸವೂ ಒಂದಿದೆ. ಮುಕ್ತ ಆಟ ಮಾಡುವವರಿಗೆ ಕೈಲಾದಷ್ಟು ಕಾಣಿಕೆ ಕಳಿಸೋಣ. ಪುಕ್ಕಟೆ ಸಿಕ್ಕಿತೆಂದು ಬಾಚಿಕೊಂಡು, ಚಿತ್ರ ಪೇಲವ ಎಂದು ಮೂಗು ಮುರಿಯುವುದು ನ್ಯಾಯವಲ್ಲ.

ಅಣ್ಣನ ಮಗನಿಗೆ ಇಷ್ಟನ್ನೂ ಹೇಳಿ ಕೊನೆಗೆ, "ಹೋದದ್ದು ನಿನ್ನ ಅಜ್ಜಿಯ ಮನೆಯೂ ಹೌದಲ್ಲೋ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಮುಂದಿನ ಶನಿವಾರ ಬಸ್ಸು ಹತ್ತಿ ಬಂದ. ಲುವಾಂಟಿ ಎಂಬ ಮುಕ್ತ ಆಟವನ್ನು ಲ್ಯಾಪ್‌ಟಾಪಿಗೆ ಹಾಕಿದ. 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಶುರುವಾದದ್ದಂತೆ, 2024ರಲ್ಲಿ ಹೆಸರು ಬದಲಾಯಿತಂತೆ. ಇದರಲ್ಲೂ ಚೌಕ ಚೌಕ ಇಟ್ಟಿಗೆಯಿಂದ ಮನೆ ಕಟ್ಟಬಹುದು. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಅಣ್ಣ ತಂಗಿ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕುಳಿತರು. ನಾನು ಊಟಕ್ಕೆ ಕೂಗಲಿಲ್ಲ. ತಟ್ಟೆಯನ್ನೇ ಅಲ್ಲಿಗೆ ಒಯ್ದು ಕೊಟ್ಟೆ.

"ಬಾವಿಯ ಎಡಗಡೆ ಕೊಟ್ಟಿಗೆ" ಎಂದು ಮಗಳು ಹೇಳಿದಳು. "ಬಚ್ಚಲ ಒಲೆ ಈ ಮೂಲೆಗೆ" ಎಂದು ಅವನು ನೆನಪಿಸಿದ. ಮೊದಲಿನ ಆಟದಲ್ಲಿ ಅಡಿಕೆ ಮರ ಇರಲಿಲ್ಲ, ಯಾವುದೋ ಪರದೇಶದ ಮರ ನೆಟ್ಟು ತೋಟ ಎಂದುಕೊಂಡಿದ್ದೆವು. ಇದರಲ್ಲೂ ಇರಲಿಲ್ಲ. ಅವನು ಒಂದು ಸಣ್ಣ ಕಡತ ಬರೆದು, ತೆಳ್ಳನೆಯ ಕಾಂಡ, ತುದಿಗೆ ಸೋಗೆ, ನಡುವೆ ಹಳದಿ ಗೊನೆ ಮಾಡಿಕೊಟ್ಟ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಮನೆಯೆಲ್ಲ ಒಂದು ಕಡತಕೋಶದಲ್ಲಿದೆ. ಅದರ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ, ಅಮ್ಮನ ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಬೀರುವಿನ ಬೀಗದ ಕೈ ನನ್ನ ಹತ್ತಿರವೇ ಇದೆ.