ಎಳೆಯುವ ಬಲ, ತಡೆಯುವ ಬಲ

ಹೊಸ ವಾಹನವೊಂದನ್ನು ಕಂಡೊಡನೆ ಜನರು ಕೇಳುವ ಮೊದಲ ಪ್ರಶ್ನೆ, ‘ಇದು ಎಷ್ಟು ಭಾರ ಎಳೆದೀತು?’ ಎಂಬುದು. ಮುಂಡಗೋಡ ತಾಲ್ಲೂಕಿನ ನಮ್ಮ ಚಿಗಳ್ಳಿಯಲ್ಲಿ ಟ್ರ್ಯಾಕ್ಟರನ್ನು ಕುರಿತು ಈ ಪ್ರಶ್ನೆ ಏಳುತ್ತದೆ. ದೋಣಿಯನ್ನು ಸರೋವರಕ್ಕೆ ಒಯ್ಯಲೆಂದು ಪಿಕಪ್ ಕೊಳ್ಳುವ ಅಮೆರಿಕನ್ನನ ಬಾಯಲ್ಲಿಯೂ ಇದೇ ಪ್ರಶ್ನೆ. ಮಾರುವವರು ಉತ್ತರವಾಗಿ ಅಶ್ವಶಕ್ತಿಯ ಸಂಖ್ಯೆಯೊಂದನ್ನು ಕೊಟ್ಟುಬಿಡುತ್ತಾರೆ. ಕೊಳ್ಳುವವನು ಇದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ ಎಂಬುದು ನನ್ನ ವಾದ: ‘ಕಟ್ಟಿದ ಭಾರವನ್ನು ಇದು ತಡೆದು ನಿಲ್ಲಿಸೀತೆ?’

ಹೈಬ್ರಿಡ್ ಪಿಕಪ್ಪೊಂದು ದೋಣಿಯನ್ನು ಎಳೆದೊಯ್ಯುವ ನೋಟ ನಮ್ಮ ರಸ್ತೆಗಳಲ್ಲಿ ಅಪರೂಪವೇ ಸರಿ. ಆದರೂ ಅದನ್ನೇ ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಇಂದಿನ ಯಂತ್ರಕೌಶಲದ ಒಳ್ಳೆಯ ಮಾದರಿಯೊಂದು ಎಲ್ಲಿ ಸೋಲುತ್ತದೆಂದು ತಿಳಿದರೆ, ನಮ್ಮ ಕಬ್ಬಿನ ಟ್ರ್ಯಾಕ್ಟರಿನ ಪಾಡೇನೆಂಬುದು ತಾನಾಗಿಯೇ ತಿಳಿಯುತ್ತದೆ.

2021ರ ಮಾದರಿಯಾಗಿ ಬಂದ ಫೋರ್ಡ್ ಎಫ್-150 ಹೈಬ್ರಿಡ್ ವಾಹನವನ್ನು ತೆಗೆದುಕೊಳ್ಳೋಣ. ಅದರಲ್ಲಿ 3.5 ಲೀಟರಿನ ಪೆಟ್ರೋಲ್ ಎಂಜಿನ್ನಿನ ಜೊತೆಗೆ 35 ಕಿಲೋವಾಟಿನ ವಿದ್ಯುತ್ ಮೋಟಾರೂ 1.5 ಕಿಲೋವಾಟ್-ಗಂಟೆಯ ಬ್ಯಾಟರಿಯೂ ಇವೆ. ಒಟ್ಟು 430 ಅಶ್ವಶಕ್ತಿ. ಎಳೆಯುವ ಮಾತಿಗೆ ಇದು ಧಾರಾಳವಾಯಿತು. ವಾಹನ ಎರಡೂವರೆ ಟನ್, ದೋಣಿ ಮತ್ತು ಟ್ರೇಲರ್ ಸೇರಿ ಮೂರು ಟನ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿದರೆ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಸಾಗಲು ಬೇಕಾಗುವುದು ಮೂವತ್ತು ಅಶ್ವಶಕ್ತಿಗೂ ಕಡಮೆ! ಚಕ್ರಗಳ ಉರುಳಾಟದ ತಡೆಯನ್ನೂ ಗಾಳಿಯ ತಡೆಯನ್ನೂ ಮೀರಿದರೆ ಅಲ್ಲಿಗೆ ಮುಗಿಯಿತು. ನೀರಿನಂಚಿನ ಇಳಿಜಾರಿನಿಂದ ದೋಣಿಯನ್ನು ಮೇಲಕ್ಕೆಳೆಯುವಾಗ ವಿದ್ಯುತ್ ಮೋಟಾರಂತೂ ವರದಾನವೆಂದೇ ಹೇಳಬೇಕು. ನಿಂತಲ್ಲಿಂದಲೇ ಅದು ತನ್ನ ಪೂರ್ಣ ತಿರುಚುಬಲವನ್ನು ಕೊಡಬಲ್ಲದು.

ಇನ್ನು ಇದೇ ಜೋಡಿ ಯಲ್ಲಾಪುರವನ್ನು ದಾಟಿ, ಅರಬೈಲ್ ಘಟ್ಟವನ್ನಿಳಿದು ಅಂಕೋಲೆಯ ಕಡಲಿಗೆ ಹೊರಟಿತೆಂದು ಕಲ್ಪಿಸಿಕೊಳ್ಳಿ. ಇಳಿತ 400 ಮೀಟರ್, ಇಳಿಜಾರು 14ಕ್ಕೆ 1 ಎಂದು ಹಿಡಿಯೋಣ. ಐದೂವರೆ ಟನ್ ಭಾರ ಅಷ್ಟು ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 6 ಕಿಲೋವಾಟ್-ಗಂಟೆ. ಗಂಟೆಗೆ 40 ಕಿಲೋಮೀಟರಿನಂತೆ ಇಳಿದರೆ ಗಾಳಿಯೂ ಚಕ್ರಗಳೂ ಅದರಲ್ಲಿ ಒಂದೂವರೆಯನ್ನು ನುಂಗಿಯಾವು. ಉಳಿದ ನಾಲ್ಕೂವರೆಯ ಗತಿಯೇನು?

ಹೈಬ್ರಿಡ್ ವಾಹನದ ಹಿರಿಮೆ ಇಲ್ಲಿಯೇ ಇದೆಯೆಂದು ಹೇಳುವವರುಂಟು. ಇಳಿಯುವಾಗ ಮೋಟಾರು ಜನಕವಾಗಿ ತಿರುಗಿ, ವಾಹನವನ್ನು ತಡೆಯುತ್ತಲೇ ಬ್ಯಾಟರಿಯನ್ನು ತುಂಬುತ್ತದೆ. ಮಾತು ನಿಜ. ಆದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯಲಾದೀತೆ? ಬ್ಯಾಟರಿ ಪೂರ್ತಿ ಬರಿದಾಗಿತ್ತೆಂದೂ ಶಕ್ತಿ ಎಲ್ಲಿಯೂ ಸೋರಲಿಲ್ಲವೆಂದೂ ಉದಾರವಾಗಿ ಒಪ್ಪಿಕೊಂಡರೂ, ಎಂಟು ನಿಮಿಷಗಳ ಆ ಇಳಿತದಲ್ಲಿ ಮೊದಲ ಮೂರು ನಿಮಿಷ ಮುಗಿಯುವುದರೊಳಗಾಗಿ ಅದು ತುಂಬಿಬಿಡುತ್ತದೆ. ಉಳಿದ 3 ಕಿಲೋವಾಟ್-ಗಂಟೆಯನ್ನು ಎಂಜಿನ್ನಿನ ತಡೆ ಮತ್ತು ಬ್ರೇಕುಗಳೇ ಅರಗಿಸಿಕೊಳ್ಳಬೇಕು. ಮೂವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖವಿದು! ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ಒತ್ತಿಕೊಂಡು ಬಂದವನ ಬ್ರೇಕು ಕಾದು ಹಿಡಿತವನ್ನು ಕಳೆದುಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಘಟ್ಟವಿಲ್ಲದ ಸಪಾಟು ರಸ್ತೆಯಲ್ಲಿಯೂ ನಿಶ್ಚಿಂತೆಯಿಲ್ಲ. ಒಣ ರಸ್ತೆಯ ಮೇಲೆ 60 ಕಿಲೋಮೀಟರ್ ವೇಗದ ಪಿಕಪ್ ಒಂಟಿಯಾಗಿದ್ದರೆ ಬ್ರೇಕ್ ಒತ್ತಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಂತೀತು. ಬ್ರೇಕಿಲ್ಲದ ಮೂರು ಟನ್ನಿನ ಟ್ರೇಲರ್ ಬೆನ್ನಿಗಿದ್ದರೆ 45 ಮೀಟರು ಬೇಕು. ಮೇಲೆ ಹೇಳಿದ ಇಳಿಜಾರಿನಲ್ಲಾದರೆ 57. ನೆಲವನ್ನು ಕಚ್ಚಿ ತಡೆಯುವವು ಮುಂದಿನ ವಾಹನದ ಚಕ್ರಗಳು ಮಾತ್ರ. ತಡೆಯಬೇಕಾದುದು ಎರಡರ ಭಾರವನ್ನೂ. ಅಶ್ವಶಕ್ತಿ ನಾನೂರಿದ್ದರೇನು, ನಲವತ್ತಿದ್ದರೇನು, ಈ ಲೆಕ್ಕದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಮೇಲಾಗಿ ಹಿಂದಿನ ಭಾರವು ಕೊಂಡಿಯ ಮೂಲಕ ಮುಂದಿನ ವಾಹನವನ್ನು ನೂಕಿ, ತಿರುವಿನಲ್ಲಿ ಅದನ್ನು ಅಡ್ಡಡ್ಡವಾಗಿ ತಿರುಗಿಸಿಬಿಡಬಲ್ಲದು.

ದೋಣಿಗೆ ಇನ್ನೊಂದು ದೋಷವೂ ಉಂಟು. ಅದರ ಎಂಜಿನ್ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ. ಗಾಡಿ ಹಿಂಭಾರವಾದರೆ ಏನಾಗುತ್ತದೆಂದು ಎತ್ತಿನ ಗಾಡಿ ಹೊಡೆದವರಿಗೆ ಪಾಠ ಹೇಳಬೇಕಾಗಿಲ್ಲ. ಟ್ರೇಲರಿನ ತೂಕದಲ್ಲಿ ಹತ್ತನೆಯ ಒಂದು ಪಾಲಾದರೂ ಕೊಂಡಿಯ ಮೇಲೆ ಬೀಳದಿದ್ದರೆ, ವೇಗ ಏರಿದಂತೆ ಅದು ಬಾಲ ಬೀಸುವ ಮೊಸಳೆಯಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಘಟ್ಟ ಇಳಿಯುವಾಗ ಗಾಲಿಗೆ ಮರದ ತುಂಡನ್ನು ಒತ್ತಿ ಹಿಡಿಸುತ್ತಿದ್ದ ಗಾಡಿಕಾರನೂ ಇದೇ ಭೌತಶಾಸ್ತ್ರವನ್ನು ಬಲ್ಲವನಾಗಿದ್ದ. ಎತ್ತುಗಳ ಕೊರಳು ಎಳೆಯುವುದಕ್ಕೆ ಸಾಕು, ತಡೆಯುವುದಕ್ಕೆ ಸಾಲದು ಎಂದು ಕಂಡುಕೊಂಡು, ತಡೆಯನ್ನು ಅವನು ಗಾಡಿಯ ಗಾಲಿಗೇ ಇಟ್ಟಿದ್ದ.

ಆ ತಿಳಿವಳಿಕೆ ಈಗೆಲ್ಲಿ ಹೋಯಿತೋ! ಕಬ್ಬು ನುರಿಸುವ ಕಾಲದಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ನಿಂತು ನೋಡಿ. ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಒಂದರ ಹಿಂದೊಂದು ಎರಡು ಟ್ರೇಲರುಗಳು. ಹೊರೆಯ ತೂಕ ಟ್ರ್ಯಾಕ್ಟರಿನದಕ್ಕಿಂತ ಹಲವು ಪಟ್ಟು. ಇಂಥ ಟ್ರೇಲರುಗಳಲ್ಲಿ ಎಷ್ಟೋ ಬ್ರೇಕೇ ಇಲ್ಲದವು. ಟ್ರ್ಯಾಕ್ಟರು ಅವನ್ನು ಎಳೆಯುತ್ತದೆ, ಸಂಶಯವಿಲ್ಲ; ಕೆಳಗಿನ ಗೇರಿನಲ್ಲಿ ಅದಕ್ಕೆ ಅದು ದೊಡ್ಡ ಕೆಲಸವಲ್ಲ. ಎಳೆಯುತ್ತದೆಂಬ ಕಾರಣಕ್ಕೇ ಹೊರೆ ಏರುತ್ತ ಹೋಗುತ್ತದೆ. ಎದುರಿಗೆ ಶಾಲೆಯ ಹುಡುಗನೊಬ್ಬ ಸೈಕಲ್ಲಿನಲ್ಲಿ ಅಡ್ಡ ಬಂದಾಗ ಅದರ ಎಳೆಯುವ ಬಲದಿಂದ ಅವನಿಗೇನು ಪ್ರಯೋಜನ?

ಐರೋಪ್ಯ ಒಕ್ಕೂಟದ ನಿಯಮದಂತೆ ಒಟ್ಟು ತೂಕ 750 ಕಿಲೋಗ್ರಾಂ ಮೀರುವ ಟ್ರೇಲರಿಗೆ ತನ್ನದೇ ಬ್ರೇಕು ಇರಲೇಬೇಕು. ನಮ್ಮಲ್ಲಿ ಹತ್ತು ಟನ್ ಹೊರುವ ಟ್ರೇಲರನ್ನು ಮಾಡಿಸುವಾಗಲೂ ರೈತನು ಕೇಳುವುದು ತಗಡು ಎಷ್ಟು ದಪ್ಪ, ಅಚ್ಚು ಎಷ್ಟು ಗಟ್ಟಿ ಎಂಬುದನ್ನೇ. ಬ್ರೇಕಿನ ಮಾತೆತ್ತಿದರೆ ಖರ್ಚಿನ ಮಾತು ಬರುತ್ತದೆ. ಅದು ಸುಳ್ಳಲ್ಲ, ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡವನ ಮೇಲೆಯೇ ಇದನ್ನೂ ಹೊರಿಸುವುದು ನ್ಯಾಯವೆಂದು ನನಗೂ ತೋರುವುದಿಲ್ಲ. ಕಬ್ಬಿನ ಸಾಗಣೆಯ ದರವನ್ನು ಗೊತ್ತುಮಾಡುವಾಗಲೇ ಟ್ರೇಲರಿನ ಬ್ರೇಕಿನ ವೆಚ್ಚವನ್ನು ಅದರಲ್ಲಿ ಸೇರಿಸಬೇಕು. ಕಾರ್ಖಾನೆಯ ತೂಕದ ಸೇತುವೆಯ ಬಳಿ ಹೊರೆಯನ್ನು ತೂಗುವಾಗಲೇ, ಹಿಂದಿನ ಗಾಲಿಗಳಿಗೆ ಬ್ರೇಕು ಹಿಡಿಯುತ್ತದೆಯೇ ಎಂಬುದನ್ನೂ ಒಮ್ಮೆ ನೋಡಬೇಕು.