ಯಂತ್ರದ ಲೆಕ್ಕ, ಮನುಷ್ಯನ ಹೊಣೆ

ಕಂಪ್ಯೂಟರ್ ಜಾಲದಲ್ಲಿ ಸಂದೇಶಗಳಿಗೆ ದಾರಿ ತೋರುವ ಯಂತ್ರವೇ ರೌಟರ್. 1989ರಲ್ಲಿ ಮೊದಲು ಪ್ರಕಟವಾದ ಓಎಸ್‌ಪಿಎಫ್ ಎಂಬ ನಿಯಮಾವಳಿಯಂತೆ ಪ್ರತಿಯೊಂದು ರೌಟರೂ ತನ್ನ ಕೊಂಡಿಗಳ ಸ್ಥಿತಿಯನ್ನು ಉಳಿದವುಗಳಿಗೆ ಸಾರುತ್ತದೆ. ಹೀಗೆ ಒಂದೇ ನಕ್ಷೆಯನ್ನು ಪಡೆದ ರೌಟರುಗಳು, ಡೈಕ್‌ಸ್ಟ್ರಾ ಅವರು 1959ರಲ್ಲಿ ಪ್ರಕಟಿಸಿದ ವಿಧಾನದಿಂದ ಅತಿ ಕಡಮೆ ವೆಚ್ಚದ ದಾರಿಯನ್ನು ಗಣಿಸುತ್ತವೆ.

ಆದರೆ ಈ ವೆಚ್ಚವನ್ನು ಗೊತ್ತುಮಾಡುವವರಾರು? ಅನೇಕ ರೌಟರುಗಳಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಎಂಬ ಆಧಾರಸಂಖ್ಯೆಯನ್ನು ಕೊಂಡಿಯ ವೇಗದಿಂದ ಭಾಗಿಸಿದರೆ ಬರುವುದೇ ವೆಚ್ಚ. 10 ಮೆಗಾಬಿಟ್ಟಿನ ಕೊಂಡಿಗೆ ವೆಚ್ಚ 10, 100ರದಕ್ಕೆ 1. ವೆಚ್ಚವು 1ಕ್ಕಿಂತ ಕಡಮೆಯಾಗಲಾರದು; ಆದುದರಿಂದ 10,000 ಮೆಗಾಬಿಟ್ಟಿನ ಕೊಂಡಿಗೂ 1ೇ! ಇಂತಹ ಎರಡು ವೇಗದ ಕೊಂಡಿಗಳ ದಾರಿಗೆ 2 ತಗಲುವುದರಿಂದ, ನೂರು ಪಟ್ಟು ನಿಧಾನವಾದ ಒಂದೇ ಕೊಂಡಿಯನ್ನು ರೌಟರು ಆರಿಸುತ್ತದೆ.

ಇದು ಯಂತ್ರದ ತಪ್ಪಲ್ಲ. ಹಳೆಯ ಅಳತೆಗೋಲನ್ನು ಬದಲಿಸದೆ ಬಿಟ್ಟವರದು. ಆಧಾರಸಂಖ್ಯೆಯನ್ನು ಜಾಲದ ಎಲ್ಲ ರೌಟರುಗಳಲ್ಲಿಯೂ ಸಮನಾಗಿ ಹೆಚ್ಚಿಸುವುದೇ ಪರಿಹಾರ.

ಆಜ್ಞೆಗಳನ್ನು ಬಾಯಿಪಾಠ ಮಾಡಿದವನಿಗೆ ಈ ದೋಷ ಕಾಣದು. ಐದಾರು ರೌಟರುಗಳ ನಕ್ಷೆಯನ್ನು ಕಾಗದದ ಮೇಲೆ ಬರೆದು, ದಾರಿಯನ್ನು ಕೈಯಾರೆ ಗಣಿಸಿದ ವಿದ್ಯಾರ್ಥಿಗೆ ಅದು ತಾನಾಗಿ ಕಾಣುತ್ತದೆ. ಕೀಲಿಮಣೆಯನ್ನು ಮುಟ್ಟುವ ಮೊದಲು ಪೆನ್ಸಿಲನ್ನು ಹಿಡಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.