ಬೇಯಿಸದ ಮೀನಿನ ಲೆಕ್ಕ ಯಾರದು?

ಮೀನಿನ ಬ್ಯಾಕ್ಟೀರಿಯಾಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ಸಾಕು, ಎದುರಿನವರಿಂದ ಒಂದೇ ಪ್ರಶ್ನೆ: 'ಚೆನ್ನಾಗಿ ಬೇಯಿಸಿದರೆ ಎಲ್ಲಾ ಸಾಯುತ್ತವಲ್ಲ?' ಸಾಯುತ್ತವೆ, ನಿಜ. ಆದರೆ ಗೋಲ್ಡ್ ಫಿಶ್ಶನ್ನು ಬೇಯಿಸುವವರು ಯಾರು?

ನಮ್ಮ ಕಾನೂನಿನ ಕಣ್ಣು ಊಟದ ತಟ್ಟೆಯ ಮೇಲಷ್ಟೇ ಇದೆ. ತಿನ್ನುವ ಮೀನು, ಸೀಗಡಿಗಳ ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಬಳಸುವಂತಿಲ್ಲ. ಯುರೋಪಿಗೆ ಕಳಿಸಿದ ಸೀಗಡಿಯಲ್ಲಿ ಅವು ಸಿಕ್ಕರೆ ಸರಕು ತಿರಸ್ಕೃತವಾಗುತ್ತದೆ. ಆ ಭಯಕ್ಕೆ ಇಲ್ಲಿ ಪರೀಕ್ಷೆಗಳು ನಡೆಯುತ್ತವೆ. ಒಳ್ಳೆಯದೇ. ಆದರೆ ಆ ಪರೀಕ್ಷೆ ಹುಡುಕುವುದು ಮಾಂಸದಲ್ಲಿ ಉಳಿದ ಔಷಧಿಯನ್ನು. ಔಷಧಿ ದಿನ ಕಳೆದಂತೆ ಇಳಿದುಹೋಗುತ್ತದೆ. ಅದನ್ನು ಗೆದ್ದ ಬ್ಯಾಕ್ಟೀರಿಯಾ ಕೊಳದಲ್ಲೇ ಉಳಿದು ವಂಶ ಬೆಳೆಸುತ್ತದೆ.

ಅಲಂಕಾರಿಕ ಮೀನಿಗೆ ಇಷ್ಟು ಕಾವಲೂ ಇಲ್ಲ. ಮನುಷ್ಯರಿಗೆ ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಟೆಟ್ರಾಸೈಕ್ಲಿನ್ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಮೈಮೇಲೆ ಬಿಳಿ ಚುಕ್ಕೆ ಕಂಡರೂ ಅದೇ ಮದ್ದು. ಆ ರೋಗ ತರುವುದು ಪರಾವಲಂಬಿ ಜೀವಿ, ಬ್ಯಾಕ್ಟೀರಿಯಾ ಅಲ್ಲ. ಮಾತ್ರೆಯಿಂದ ಅದಕ್ಕೆ ಏನೂ ಆಗದು. ಒಂದು ಮೀನಿಗೆಂದು ಹಾಕಿದ ಮದ್ದು ತೊಟ್ಟಿಯ ಅಷ್ಟೂ ಬ್ಯಾಕ್ಟೀರಿಯಾಗಳಿಗೆ ತಾಗುತ್ತದೆ. ದುರ್ಬಲವಾದವು ಸಾಯುತ್ತವೆ, ತಡೆದುಕೊಂಡವು ಹೆಚ್ಚುತ್ತವೆ. ಆಮೇಲೆ ನೀರು ಚರಂಡಿಗೆ.

ಮೀನಿನ ಬ್ಯಾಕ್ಟೀರಿಯಾ ನಮಗೇನು ಮಾಡೀತು ಎನ್ನುವವರಿಗೆ ಎರಡು ಮಾತು. ಮೀನಿಗೆ ಹುಣ್ಣು ತರುವ ಏರೋಮೊನಾಸ್, ತೊಟ್ಟಿ ತೊಳೆಯುವವರ ಕೈಗಾಯಕ್ಕೂ ಇಳಿಯಬಲ್ಲದು. ಇನ್ನು, ನಿರೋಧಕ ಜೀನ್‌ಗಳು ಪ್ಲಾಸ್ಮಿಡ್ ಏರಿ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ಸಿಪ್ರೊಫ್ಲಾಕ್ಸಸಿನ್ ವರ್ಗದ ಔಷಧಿಗಳ ಏಟು ತಗ್ಗಿಸುವ ಕ್ಯುಎನ್‌ಆರ್‌ಎ ಜೀನ್ ಮೊದಲು ಕಂಡದ್ದು ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾದಲ್ಲಿ. 2005ರಲ್ಲಿ ಅದರ ತವರು ಸಿಕ್ಕಿದ್ದು ಶೆವನೆಲ್ಲ ಆಲ್ಗೆ ಎಂಬ ನೀರಿನ ಬ್ಯಾಕ್ಟೀರಿಯಾದಲ್ಲಿ.

'ಔಷಧಿ ನಿಲ್ಲಿಸಿದರೆ ಸಾಕಣೆದಾರ ಮುಳುಗುತ್ತಾನೆ' ಎಂಬ ವಾದವೂ ಇದೆ. ನಾರ್ವೆಯ ಸಾಲ್ಮನ್ ಸಾಕಣೆ 1987ರಲ್ಲಿ ಸುಮಾರು 48 ಟನ್ ಆ್ಯಂಟಿಬಯಾಟಿಕ್ ಸುರಿದಿತ್ತು. ಲಸಿಕೆ ಬಂತು, ಸಾಕುವ ಕ್ರಮ ಬದಲಾಯಿತು. ಈಗ ಬಳಕೆ ಒಂದು ಟನ್ನಿಗೂ ಕಡಿಮೆ. ಉತ್ಪಾದನೆ ಮಾತ್ರ ಹತ್ತು ಪಟ್ಟಿಗೂ ಮೀರಿ ಬೆಳೆದಿದೆ. ಮುಳುಗಿದವರು ಯಾರು?

ನಮ್ಮ ಸಣ್ಣ ಸಾಕಣೆದಾರನನ್ನು ಬೈದು ಫಲವಿಲ್ಲ. ಅವನಿಗೆ ಮೀನಿನ ವೈದ್ಯರು ಸಿಗುವುದಿಲ್ಲ, ಮದ್ದು ಮಾರುವವನೇ ಸಿಗುತ್ತಾನೆ. ಸರ್ಕಾರ ಮೊದಲು ಆ ವೈದ್ಯರನ್ನು, ಪರೀಕ್ಷಾ ಸೌಲಭ್ಯವನ್ನು ಒದಗಿಸಲಿ. ಜೊತೆಗೇ ಅಂಗಡಿಯ ಚೀಟಿಯಿಲ್ಲದ ಮಾರಾಟ ನಿಲ್ಲಿಸಲಿ. ಔಷಧಿಯ ಅಂಶದ ಜೊತೆ ನಿರೋಧಕ ಬ್ಯಾಕ್ಟೀರಿಯಾವನ್ನೂ ಎಣಿಸಲಿ, ಅಲಂಕಾರಿಕ ಮೀನಿನ ತೊಟ್ಟಿಗಳನ್ನೂ ಸೇರಿಸಿ. ರಫ್ತಾಗುವ ಸೀಗಡಿಗೆ ಸಿಗುವ ಎಚ್ಚರ ನಮ್ಮ ಚರಂಡಿಗೂ ಸಿಗಬೇಕು. ಅದರ ಪಕ್ಕದಲ್ಲಿ ಬದುಕುವವರು ನಾವೇ.